ವಿಂಡ್ಸರ್ ನೋಡಲು ಹೊರಟಿದ್ದೀರಾ? ಮಂಗಳವಾರ ಮಾತ್ರ ಹೋಗಬೇಡಿ

ಊರಿನಿಂದ ಬಂದ ನೆಂಟರಿಗೆ ವಿಂಡ್ಸರ್ ಕ್ಯಾಸಲ್ ತೋರಿಸುವುದು ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಿದ್ದ ಕೆಲಸ. ಲಂಡನ್ನಿನ ಪಶ್ಚಿಮಕ್ಕೆ ಮನೆ ಮಾಡಿದ ತಪ್ಪಿಗೆ ಇದುವರೆಗೆ ಎಷ್ಟು ಸಲ ಹೋಗಿದ್ದೇನೆಂಬ ಲೆಕ್ಕವೇ ತಪ್ಪಿದೆ. ಮೊದಲ ಸಲ ಹೋದದ್ದು ಅತ್ತೆ, ಮಾವನವರ ಜೊತೆ, ಅದೂ ಒಂದು ಮಂಗಳವಾರ. ಗುಡ್ಡ ಹತ್ತಿ ಹೋದರೆ ಬಾಗಿಲು ಹಾಕಿತ್ತು. "ಅರಮನೆಗೂ ವಾರದ ರಜೆಯೇ?" ಎಂದು ಮಾವ ಕೇಳಿದರು. ಹೌದು, ಅರಮನೆಗೂ ರಜೆ ಇದೆ. ಮಂಗಳವಾರ ಮತ್ತು ಬುಧವಾರ ಸಾಮಾನ್ಯವಾಗಿ ಪ್ರವೇಶವಿಲ್ಲ. ಅಂದು ತಿಳಿಯದೆ ಹೋದದ್ದರಿಂದ ಶುರುವಾಗಿ, ಅಲ್ಲಿಂದೀಚೆಗೆ ಒಂದೊಂದೇ ಎಡವಿ ಕಲಿತದ್ದನ್ನೆಲ್ಲ ಇಲ್ಲಿ ಸಾಲಾಗಿ ಬರೆದಿದ್ದೇನೆ.

ಯುರೋಪಿನಲ್ಲಿ ನೋಡಬಹುದಾದ ಕೋಟೆಗಳು ಬೇಕಾದಷ್ಟಿವೆ, ಚರ್ಚುಗಳು ಅದಕ್ಕಿಂತ ಹೆಚ್ಚು. ಎರಡೂ ಒಂದೇ ಗೋಡೆಯೊಳಗಿದ್ದು, ಎರಡೂ ಇಂದಿಗೂ ಬಳಕೆಯಲ್ಲಿರುವುದು ಅಪರೂಪ. ವಿಂಡ್ಸರ್‌ನಲ್ಲಿ ರಾಜ ಈಗಲೂ ವಾಸ್ತವ್ಯ ಹೂಡುತ್ತಾನೆ, ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ಈಗಲೂ ದಿನವೂ ಪ್ರಾರ್ಥನೆ ನಡೆಯುತ್ತದೆ. ಹಾಗಾಗಿ ಇದನ್ನು ವಸ್ತುಸಂಗ್ರಹಾಲಯ ನೋಡುವಂತೆ ನೋಡಲು ಹೋದರೆ ಅರ್ಧ ತಪ್ಪಿಹೋಗುತ್ತದೆ. ಯಾರದೋ ಮನೆಗೆ, ಇನ್ನಾರದೋ ದೇವಸ್ಥಾನಕ್ಕೆ ಹೋಗುತ್ತಿದ್ದೇವೆ ಎಂದುಕೊಂಡರೆ ಅರ್ಧ ತಯಾರಿ ಮುಗಿದಂತೆ.

ಮೊದಲು ದಿನ ಗೊತ್ತುಮಾಡಿ

ಕೋಟೆ ಗುರುವಾರದಿಂದ ಸೋಮವಾರದವರೆಗೆ ತೆರೆದಿರುತ್ತದೆ. ಆದರೆ ಚಾಪೆಲ್ ಭಾನುವಾರ ಪ್ರವಾಸಿಗರಿಗಿಲ್ಲ, ಪ್ರಾರ್ಥನೆಗೆ ಬರುವವರಿಗೆ ಮಾತ್ರ. ಎರಡನ್ನೂ ನೋಡಬೇಕೆಂದರೆ ಉಳಿಯುವುದು ಗುರುವಾರ, ಶುಕ್ರವಾರ, ಶನಿವಾರ, ಸೋಮವಾರ. ಇದರಲ್ಲಿ ಶನಿವಾರವನ್ನು ನಾನು ಕೈಬಿಡುತ್ತೇನೆ, ಜನಜಂಗುಳಿ. ಕಾವಲು ಪಡೆ ಬದಲಾಗುವ ಕವಾಯತು ನೋಡಲೇಬೇಕು ಎನ್ನುವ ಮಕ್ಕಳಿದ್ದರೆ ಗುರುವಾರ ಆರಿಸಿಕೊಳ್ಳಿ. ಅದು ಬೆಳಿಗ್ಗೆ 11ಕ್ಕೆ, ವಾರದ ಕೆಲವೇ ದಿನ, ಅದೂ ಮಳೆರಾಯನ ಕೃಪೆ ಇದ್ದರೆ. ಹೊರಡುವ ಹಿಂದಿನ ರಾತ್ರಿ ಅಧಿಕೃತ ಜಾಲತಾಣದಲ್ಲಿ ಒಮ್ಮೆ ನೋಡಿಬಿಡಿ. ವಿದೇಶಿ ಗಣ್ಯರು ಬಂದಾಗ, ಜೂನ್‌ನಲ್ಲಿ ಗಾರ್ಟರ್ ಎಂಬ ರಾಜಗೌರವ ಪಡೆದ ವೀರರ ಮೆರವಣಿಗೆಯ ದಿನ, ಹೀಗೆ ನಡುನಡುವೆ ಇಡೀ ಕೋಟೆಯನ್ನೇ ಮುಚ್ಚುತ್ತಾರೆ.

ಟಿಕೆಟನ್ನು ಮುಂಗಡವಾಗಿ ಕೊಂಡರೆ ಅಗ್ಗ. ದೊಡ್ಡವರಿಗೆ 30 ಪೌಂಡ್ ಆಸುಪಾಸು, ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ. ನೇರವಾಗಿ ಅವರಿಂದಲೇ ಕೊಂಡ ಟಿಕೆಟಾದರೆ, ಹೊರಗೆ ಬರುವ ಮೊದಲು ಅದನ್ನು ಒಂದು ವರ್ಷದ ಪಾಸ್ ಮಾಡಿಕೊಡುತ್ತೀರಾ ಎಂದು ಸಿಬ್ಬಂದಿಯನ್ನು ಕೇಳಿ. ಈ ಸೌಲಭ್ಯ ತಿಳಿಯದೆ ನಾನು ಎರಡು ಸಲ ದುಡ್ಡು ಕಳೆದುಕೊಂಡಿದ್ದೇನೆ. ಲಂಡನ್ನಿನ ಏಜೆಂಟರ ಬಸ್ ಪ್ರವಾಸದಲ್ಲಿ ಸ್ಟೋನ್‌ಹೆಂಜ್, ಬಾತ್, ವಿಂಡ್ಸರ್ ಮೂರನ್ನೂ ಒಂದೇ ದಿನ ತೋರಿಸುತ್ತೇವೆ ಎನ್ನುತ್ತಾರೆ. ತೋರಿಸುತ್ತಾರೆ, ನಿಜ. ನೋಡಲು ಬಿಡುವುದಿಲ್ಲ.

ರೈಲು ಯಾವುದು?

ಎರಡು ದಾರಿ ಇವೆ. ವಾಟರ್ಲೂ ನಿಲ್ದಾಣದಿಂದ ವಿಂಡ್ಸರ್ ಅಂಡ್ ಈಟನ್ ರಿವರ್‌ಸೈಡ್‌ಗೆ ನೇರ ರೈಲು, ಒಂದು ಗಂಟೆಯ ಹಾದಿ. ಪ್ಯಾಡಿಂಗ್ಟನ್‌ನಿಂದಾದರೆ ಸ್ಲೋ ಎಂಬ ಊರಿನಲ್ಲಿ ಇಳಿದು, ಆರೇ ನಿಮಿಷದ ಪುಟ್ಟ ರೈಲು ಹಿಡಿದು ವಿಂಡ್ಸರ್ ಅಂಡ್ ಈಟನ್ ಸೆಂಟ್ರಲ್‌ಗೆ ಬರಬೇಕು. ಮಂಡಿ ನೋವಿನವರು ಜೊತೆಗಿದ್ದರೆ ರೈಲು ಬದಲಿಸುವ ತೊಂದರೆ ಇದ್ದರೂ ಎರಡನೆಯದೇ ವಾಸಿ. ಸೆಂಟ್ರಲ್‌ನಿಂದ ಹೊರಬಿದ್ದರೆ ಕೋಟೆಯ ಗೋಡೆ ಎದುರಿಗೇ ಇದೆ, ರಿವರ್‌ಸೈಡ್‌ನಿಂದಾದರೆ ಏರು ಹತ್ತಬೇಕು. ಒಳಗೂ ಗುಂಡುಕಲ್ಲಿನ ನೆಲ, ಇಳಿಜಾರು. ಸೀರೆಗೆ ಹೊಂದುವ ಹಿಮ್ಮಡಿ ಚಪ್ಪಲಿ ಮನೆಯಲ್ಲೇ ಇರಲಿ.

ವಿಮಾನ ನಿಲ್ದಾಣದಲ್ಲಿದ್ದಂಥ ತಪಾಸಣೆ ಇರುತ್ತದೆ, ದೊಡ್ಡ ಚೀಲ ಬಿಡುವುದಿಲ್ಲ. ಪುಳಿಯೋಗರೆ ಕಟ್ಟಿಕೊಂಡು ಹೋಗಬಹುದು, ಒಳಗೆ ಬಿಚ್ಚುವಂತಿಲ್ಲ. ಅದಕ್ಕೊಂದು ಒಳ್ಳೆಯ ಜಾಗ ಆಮೇಲೆ ಹೇಳುತ್ತೇನೆ.

ಒಳಗೆ ಕಾಲಿಟ್ಟೊಡನೆ ಒಂದು ಕ್ಷಣ ನಿಂತು ಲೆಕ್ಕ ಹಾಕಿ

ಬೆಂಗಳೂರಿನವರಿಗೆ ಈ ನೋಟ ಪರಿಚಿತ ಅನ್ನಿಸುತ್ತದೆ. ಬೆಂಗಳೂರು ಅರಮನೆಯನ್ನು ವಿಂಡ್ಸರ್ ಮಾದರಿಯಲ್ಲಿ ಕಟ್ಟಿದ್ದು ಎಂಬ ಮಾತು ಎಲ್ಲರ ಬಾಯಲ್ಲೂ ಇದೆಯಲ್ಲ. ಎರಡನ್ನೂ ನೋಡಿದ ಮೇಲೆ ನನಗನ್ನಿಸಿದ್ದು, ಹೋಲಿಕೆ ಗೋಡೆಯ ಮೇಲಂಚಿನ ಹಲ್ಲುಗಳಲ್ಲೇ ಮುಗಿಯುತ್ತದೆ. ಬೆಂಗಳೂರಿನದು ಹುಟ್ಟಿನಿಂದಲೇ ಬಂಗಲೆ, ಇದು ಹುಟ್ಟಿದಾಗ ದಂಡಿನ ಠಾಣ್ಯ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ, ಲಂಡನ್ ಸುತ್ತ ಒಂದು ದಿನದ ನಡಿಗೆಯ ದೂರದಲ್ಲಿ ಕೋಟೆಗಳ ಉಂಗುರ ಹಾಕಿದ. 1070ರ ಸುಮಾರಿಗೆ ಥೇಮ್ಸ್ ನದಿಯ ಪಕ್ಕದ ಸುಣ್ಣಕಲ್ಲಿನ ದಿಣ್ಣೆಯ ಮೇಲೆ ಎದ್ದದ್ದು ಇದು. ಆಗ ಇದ್ದದ್ದು ಮಣ್ಣಿನ ದಿಬ್ಬ, ಅದರ ಮೇಲೆ ಮರದ ಬೇಲಿ, ಅಷ್ಟೆ. ನೂರು ವರ್ಷದ ನಂತರ ಎರಡನೇ ಹೆನ್ರಿ ಕಲ್ಲಿನಲ್ಲಿ ಕಟ್ಟಿಸಿದ.

ಆ ಮಣ್ಣಿನ ದಿಬ್ಬ ಇನ್ನೂ ಇದೆ. ರೌಂಡ್ ಟವರ್ ನಿಂತಿರುವುದು ಅದರ ಮೇಲೆಯೇ. ಕಂದಕದಲ್ಲಿ ಈಗ ಹೂದೋಟ. ಗೋಪುರದ ಹೆಸರು ರೌಂಡ್ ಆದರೂ ಅದು ಸರಿಯಾದ ವೃತ್ತವಲ್ಲ, ದಿಬ್ಬದ ಆಕಾರಕ್ಕೆ ತಕ್ಕಂತೆ ಅಡ್ಡಾದಿಡ್ಡಿ. ತುದಿಯಲ್ಲಿರುವ ಧ್ವಜ ನೋಡಿ. ಸಿಂಹಗಳಿರುವ ರಾಜಧ್ವಜವಾದರೆ ರಾಜ ಮನೆಯಲ್ಲಿದ್ದಾನೆ, ಮಾಮೂಲಿ ಬ್ರಿಟನ್ ಧ್ವಜವಾದರೆ ಇಲ್ಲ. ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ದಿನವಿಡೀ ತಲೆಯೆತ್ತಿ ನೋಡುತ್ತಿರುತ್ತಾರೆ.

ಈಗ ಮುಖ್ಯ ವಿಷಯ. ವಿಂಡ್ಸರ್‌ನಲ್ಲಿ "ಎಷ್ಟು ಹಳೆಯದು!" ಎಂದು ಬೆರಗಾಗುವ ಮೊದಲು "ಯಾವ ಭಾಗ ಹಳೆಯದು?" ಎಂದು ಕೇಳುವ ಚಾಳಿ ಬೆಳೆಸಿಕೊಳ್ಳಿ. ರೌಂಡ್ ಟವರ್‌ನ ಬುಡ ಹನ್ನೆರಡನೇ ಶತಮಾನದ್ದು, ಮೇಲ್ಭಾಗ ಹತ್ತೊಂಬತ್ತನೇ ಶತಮಾನದ್ದು. ನಾಲ್ಕನೇ ಜಾರ್ಜ್‌ಗೆ ಕೋಟೆ ಇನ್ನಷ್ಟು ಕೋಟೆಯ ಹಾಗೆ ಕಾಣಬೇಕೆಂಬ ಆಸೆ. ಅವನ ವಾಸ್ತುಶಿಲ್ಪಿ ಜೆಫ್ರಿ ವ್ಯಾಟ್‌ವಿಲ್ ಗೋಪುರವನ್ನು ಎತ್ತರಿಸಿ, ಗೋಡೆಗಳಿಗೆ ಹಲ್ಲು ಕೂರಿಸಿ, ಎಲ್ಲವನ್ನೂ ಮಧ್ಯಯುಗದ ಕನಸಿನಂತೆ ಸಿಂಗರಿಸಿದ. ಪಟ್ಟಣದ ಕಡೆಯ ಮೂಲೆಯಲ್ಲಿ ಚೂಪು ಟೋಪಿ ಹಾಕಿಕೊಂಡ ಕರ್ಫ್ಯೂ ಟವರ್ ಇದೆ. ಗೋಪುರ ಹದಿಮೂರನೇ ಶತಮಾನದ್ದು, ಟೋಪಿ 1863ರದ್ದು, ಅದೂ ಫ್ರಾನ್ಸಿನ ಮಾದರಿ. ನಮ್ಮಲ್ಲಿ ಹೊಯ್ಸಳರ ಗುಡಿಗೆ ವಿಜಯನಗರದವರು ಗೋಪುರ ಕಟ್ಟಿ, ಆಮೇಲಿನವರು ಸುಣ್ಣ ಬಳಿದಿರುವುದಿಲ್ಲವೇ, ಹಾಗೆಯೇ ಇದು. ಅದಕ್ಕೆ ಕೊರಗಬೇಕಾಗಿಲ್ಲ. ಪದರ ಬಿಡಿಸುತ್ತ ನಡೆಯುವುದೇ ಇಲ್ಲಿನ ಸುಖ.

ಮೊದಲು ಮೇಲಂಗಳ

ಕೋಟೆ 13 ಎಕರೆ. ಮೂರು ಅಂಗಳ: ಮೇಲಂಗಳದಲ್ಲಿ ಅರಮನೆ, ನಡುವೆ ದಿಬ್ಬ, ಕೆಳಗಿನ ಅಂಗಳದಲ್ಲಿ ಚಾಪೆಲ್. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನೇರ ಮೇಲಂಗಳ ಸೇರಿಬಿಡಿ, ಕೊಠಡಿಗಳಲ್ಲಿ ಉಸಿರಾಡಲು ಜಾಗವಿರುತ್ತದೆ. ಟಿಕೆಟ್ ಜೊತೆ ಕೊಡುವ ಧ್ವನಿ ಮಾರ್ಗದರ್ಶಿಯನ್ನು ತೆಗೆದುಕೊಳ್ಳಿ. ಆದರೆ ಅದು ಹೇಳಿದ ಕಡೆಯೆಲ್ಲ ನಿಲ್ಲಬೇಡಿ, ಸಂಜೆಯಾಗುತ್ತದೆ.

ಮಕ್ಕಳಿದ್ದರೆ ಕ್ವೀನ್ ಮೇರಿಯ ಗೊಂಬೆಮನೆಯ ಸಾಲಿಗೆ ಮೊದಲು ನಿಲ್ಲಿ. 1921ರಿಂದ 1924ರವರೆಗೆ ಕಟ್ಟಿದ ಈ ಮನೆ ನಿಜ ಅಳತೆಯ ಹನ್ನೆರಡನೇ ಒಂದು ಪಾಲು. ನಲ್ಲಿಯಲ್ಲಿ ನೀರು ಬರುವ, ದೀಪ ಹೊತ್ತುವ, ಲಿಫ್ಟ್ ಓಡುವ ಗೊಂಬೆಮನೆ! ವಿನ್ಯಾಸ ಮಾಡಿದವನು ಎಡ್ವಿನ್ ಲಟ್ಯೆನ್ಸ್, ಅದೇ ಹೊತ್ತಿಗೆ ನವದೆಹಲಿಯಲ್ಲಿ ವೈಸರಾಯ್ ಭವನ ಕಟ್ಟಿಸುತ್ತಿದ್ದವನು. ಒಂದು ಕೈಯಲ್ಲಿ ರೈಸಿನಾ ಗುಡ್ಡ, ಇನ್ನೊಂದು ಕೈಯಲ್ಲಿ ಬೆರಳುದ್ದದ ಬಾಟಲಿ.

ಅರಮನೆಯ ಕೊಠಡಿಗಳಲ್ಲಿ ಚಿನ್ನದ ಲೇಪ, ರೇಷ್ಮೆ ಗೋಡೆ, ತೈಲಚಿತ್ರಗಳು ಸಾಲುಸಾಲು. ಹತ್ತನೆಯ ಕೋಣೆಯ ಹೊತ್ತಿಗೆ ಕಣ್ಣು ಮರಗಟ್ಟುತ್ತದೆ. ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಒಂದು, ಗ್ರ್ಯಾಂಡ್ ವೆಸ್ಟಿಬ್ಯೂಲ್ ಎಂಬ ಎತ್ತರದ ಹಜಾರ. ಕನ್ನಡಿಗರು ಇಲ್ಲಿ ಧ್ವನಿ ಮಾರ್ಗದರ್ಶಿಯನ್ನು ನಿಲ್ಲಿಸಿಬಿಡಬಹುದು. ಗಾಜಿನ ಕಪಾಟಿನಲ್ಲಿ ಚಿನ್ನದ ಹುಲಿಯ ತಲೆ ಇದೆ. ಕಣ್ಣು, ಹಲ್ಲುಗಳು ಸ್ಫಟಿಕದವು. ಟಿಪ್ಪು ಸುಲ್ತಾನನ ಸಿಂಹಾಸನದ ಮುಂಭಾಗದಲ್ಲಿದ್ದದ್ದು ಇದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಕೊಳ್ಳೆಯನ್ನು ಹಂಚುವ ಅಧಿಕಾರಿಗಳು ಸಿಂಹಾಸನವನ್ನು ಒಡೆದು ಚೂರು ಮಾಡಿದರು. ಇಡೀ ಸಿಂಹಾಸನವನ್ನೇ ದೊರೆಗೆ ಕಳುಹಿಸಬೇಕೆಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಇದರಿಂದ ಬೇಸರವಾಗಿತ್ತು. ಹುಲಿಯ ತಲೆಯನ್ನು ಈಸ್ಟ್ ಇಂಡಿಯಾ ಕಂಪನಿ 1831ರಲ್ಲಿ ನಾಲ್ಕನೇ ವಿಲಿಯಂಗೆ ಕೊಟ್ಟಿತು. ಸಿಂಹಾಸನದ ಛತ್ರಿಯ ಮೇಲಿದ್ದ, ರತ್ನ ಕೂರಿಸಿದ ಚಿನ್ನದ ಹುಮಾ ಪಕ್ಷಿ ಅದಕ್ಕೂ ಮೊದಲೇ ಮೂರನೇ ಜಾರ್ಜ್‌ನ ಕಾಲದಲ್ಲಿ ರಾಜಮನೆತನಕ್ಕೆ ಸೇರಿತ್ತು. ಪ್ರದರ್ಶನದ ವಸ್ತುಗಳನ್ನು ಆಗಾಗ ಬದಲಿಸುತ್ತಾರೆ, ಕಾಣದಿದ್ದರೆ ಕೋಣೆಯ ಕಾವಲಿನವರನ್ನು ಕೇಳಿ, ಬಹಳ ಪ್ರೀತಿಯಿಂದ ಹೇಳುತ್ತಾರೆ. ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಿಬಿಡುತ್ತೇನೆ. ಸೈನಿಕನ ಮೇಲೆರಗಿದ ಮರದ ಹುಲಿ, ಹಿಡಿ ತಿರುಗಿಸಿದರೆ ಗುರುಗುಟ್ಟುವ ಯಂತ್ರ, ವಿಂಡ್ಸರ್‌ನಲ್ಲಿಲ್ಲ. ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ, ಅಲ್ಲಿಗೆ ಪ್ರವೇಶ ಉಚಿತ.

ಮಂಡ್ಯದ ಕಡೆಯವರಾದ ನಮ್ಮ ಮಾವ ಈ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಏನೂ ಮಾತಾಡಲಿಲ್ಲ. ಆಮೇಲೆ "ಸ್ವಲ್ಪ ಧೂಳು ಕೂತಿದೆ" ಎಂದರು. ಧೂಳೇನೂ ಇರಲಿಲ್ಲ.

ಎರಡನೆಯದು, ಅದರ ಪಕ್ಕದಲ್ಲೇ ಸಿಗುವ ವಾಟರ್ಲೂ ಚೇಂಬರ್. 1815ರಲ್ಲಿ ನೆಪೋಲಿಯನ್ ಸೋತ ಮೇಲೆ ಗೆದ್ದವರ ಚಿತ್ರಗಳನ್ನು ಥಾಮಸ್ ಲಾರೆನ್ಸ್ ಬರೆದ. ನಡುವೆ ಖಡ್ಗ ಹಿಡಿದು ನಿಂತವನು ಡ್ಯೂಕ್ ಆಫ್ ವೆಲಿಂಗ್ಟನ್. ಅಂದರೆ ನಮ್ಮ ಶ್ರೀರಂಗಪಟ್ಟಣದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಗವರ್ನರ್ ಜನರಲ್‌ನ ತಮ್ಮ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಕತ್ತಲಿಗೆ ದಿಕ್ಕು ತಪ್ಪಿ, ಏಟು ತಿಂದು ಹಿಂದಿರುಗಿದವನು ಇವನೇ. ಈ ಚಿತ್ರದಲ್ಲಿ ಆ ತೋಪಿನ ನೆರಳೂ ಇಲ್ಲ, ಬಿಡಿ. ಕಾಲಡಿಯ ರತ್ನಗಂಬಳಿಯನ್ನೂ ನೋಡಿ. ವಿಕ್ಟೋರಿಯಾ ರಾಣಿಗಾಗಿ ಆಗ್ರಾ ಜೈಲಿನ ಕೈದಿಗಳು ನೇಯ್ದದ್ದು, ಒಂದೇ ತುಂಡು, ತೂಕ ಎರಡು ಟನ್.

ಮೂರನೆಯದು ಸೇಂಟ್ ಜಾರ್ಜ್ ಹಾಲ್, ಗಾರ್ಟರ್ ವೀರರ ಊಟದ ಮನೆ. ಉದ್ದ 55 ಮೀಟರ್‌ಗೂ ಹೆಚ್ಚು. ಛಾವಣಿಯ ಓಕ್ ಮರದ ತೊಲೆಗಳನ್ನು ಕಂಡು ಅಬ್ಬಾ ಮಧ್ಯಯುಗ ಎನ್ನಬೇಡಿ. 1992ರ ನವೆಂಬರ್ 20ರಂದು ರಾಣಿಯ ಖಾಸಗಿ ಪ್ರಾರ್ಥನಾ ಮಂದಿರದಲ್ಲಿ ಒಂದು ದೀಪದ ಬಿಸಿಗೆ ಪರದೆ ಹೊತ್ತಿಕೊಂಡು, 15 ಗಂಟೆ ಉರಿದ ಬೆಂಕಿ 115 ಕೊಠಡಿಗಳನ್ನು ಹಾಳುಮಾಡಿತು. ವಿದ್ಯುತ್ ತಂತಿ ಬದಲಿಸುವ ಕೆಲಸ ನಡೆದಿದ್ದರಿಂದ ಆ ಕೊಠಡಿಗಳ ಬಹುತೇಕ ಸಾಮಾನುಗಳನ್ನು ಅದಾಗಲೇ ಹೊರಗೆ ಸಾಗಿಸಿದ್ದದ್ದು ಪುಣ್ಯ. ಐದು ವರ್ಷಕ್ಕೆ ಸರಿಯಾಗಿ, 1997ರ ಅದೇ ನವೆಂಬರ್ 20ಕ್ಕೆ ದುರಸ್ತಿ ಮುಗಿಯಿತು. ಖರ್ಚು 3 ಕೋಟಿ 65 ಲಕ್ಷ ಪೌಂಡ್. ಅದರ ಹೆಚ್ಚಿನ ಪಾಲು ಬಂದದ್ದು ಬಕಿಂಗ್‌ಹ್ಯಾಮ್ ಅರಮನೆಯನ್ನು 1993ರಿಂದ ಜನರಿಗೆ ತೆರೆದು ಟಿಕೆಟ್ ಮಾರಿದ್ದರಿಂದ. ಅಂದರೆ ಈ ಛಾವಣಿ ನನಗಿಂತ ಚಿಕ್ಕದು. ಆದರೆ ಹಸಿ ಓಕ್ ಮರವನ್ನು ಹಳೆಯ ಬಡಗಿಗಳ ಕ್ರಮದಲ್ಲೇ ಗೂಟ ಹೊಡೆದು ಜೋಡಿಸಿದ್ದಾರೆ, ತಲೆಯೆತ್ತಿ ನೋಡುವಷ್ಟು ಚೆಂದ. ಅದರಲ್ಲಿ ಸಾವಿರದಷ್ಟು ಗಾರ್ಟರ್ ವೀರರ ಲಾಂಛನದ ಫಲಕಗಳಿವೆ. ನಡುವೆ ಕೆಲವು ಖಾಲಿ, ಬಿಳಿ. ಅವು ರಾಜದ್ರೋಹವೆಸಗಿ ಗೌರವ ಕಳೆದುಕೊಂಡವರವು. ಅವುಗಳನ್ನು ಮೊದಲು ಹುಡುಕಿದವರಿಗೆ ಐಸ್‌ಕ್ರೀಮ್ ಎಂದು ಮಕ್ಕಳಿಗೆ ಹೇಳಿ, ನೀವು ಹತ್ತು ನಿಮಿಷ ಆರಾಮವಾಗಿ ನೋಡಬಹುದು.

ಬೆಂಕಿ ಒಂದು ಉಪಕಾರವನ್ನೂ ಮಾಡಿತು. ದೊಡ್ಡ ಅಡುಗೆಮನೆಯ ಛಾವಣಿಯಲ್ಲಿ ಹದಿನಾಲ್ಕನೇ ಶತಮಾನದ ಮರದ ಕೆಲಸ ಬೆಳಕಿಗೆ ಬಂತು. ಮೂರನೇ ಎಡ್ವರ್ಡನ ಕಾಲದ ಆ ಅಡುಗೆಮನೆ ಇಂದಿಗೂ ಬಳಕೆಯಲ್ಲಿದೆ. ಸಾಮಾನ್ಯ ಟಿಕೆಟ್ಟಿಗೆ ಅದನ್ನು ತೋರಿಸುವುದಿಲ್ಲವೆಂದು ತಿಳಿದು ಅತ್ತೆಯವರಿಗೆ ಆದ ನಿರಾಸೆ ಅಷ್ಟಿಷ್ಟಲ್ಲ. "ಅಡುಗೆಮನೆ ನೋಡದೆ ಮನೆ ನೋಡಿದ ಹಾಗೆ ಆಗುತ್ತದೆಯೇ?" ಎಂದು ರೈಲಿನಲ್ಲೂ ಕೇಳುತ್ತಿದ್ದರು. ಚಳಿಗಾಲದಲ್ಲಿ ಹೋದರೆ ಇನ್ನೊಂದು ಲಾಭವಿದೆ. ಬೆಂಕಿಗೆ ಸುಟ್ಟು ಮತ್ತೆ ಎದ್ದ ಕ್ರಿಮ್ಸನ್ ಡ್ರಾಯಿಂಗ್ ರೂಮ್ ಮೊದಲಾದ ಕೋಣೆಗಳು ಆ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತವೆ.

ಮಧ್ಯಾಹ್ನ ಎರಡೂವರೆಗೆ ಚಾಪೆಲ್ ಮುಂದಿರಬೇಕು

ಅರಮನೆಯಲ್ಲಿ ಹೊತ್ತು ಕಳೆದು, ಚಾಪೆಲ್‌ಗೆ ಬರುವಷ್ಟರಲ್ಲಿ ಬಾಗಿಲು ಹಾಕುವ ವೇಳೆಯಾಗುವುದು ಎಲ್ಲರೂ ಮಾಡುವ ತಪ್ಪು. ನಾಲ್ಕಕ್ಕೆಲ್ಲ ಒಳಗೆ ಬಿಡುವುದನ್ನು ನಿಲ್ಲಿಸುತ್ತಾರೆ. ನನ್ನನ್ನು ಕೇಳಿದರೆ ವಿಂಡ್ಸರ್‌ನ ಸತ್ವ ಇರುವುದು ಇಲ್ಲಿಯೇ.

ಒಳಗೆ ಹೋಗುವ ಮೊದಲು ಹೊರಗಿನ ಛಾವಣಿಯಂಚನ್ನು ನೋಡಿ. ಶಿಖರಗಳ ಮೇಲೆ ಸಿಂಹ, ಡ್ರ್ಯಾಗನ್, ಜಿಂಕೆ ಎಂದು 76 ಕಲ್ಲಿನ ಪ್ರಾಣಿಗಳು ಕೂತಿವೆ. ಹಳೆಯವು ಶಿಥಿಲವಾಗಿವೆಯೆಂದು ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಸಲಹೆಯಂತೆ 1682ರಲ್ಲಿ ಇಳಿಸಿದ್ದರು. ಈಗಿನವು 1925ರವು.

ಒಳಗೆ ಚರ್ಚಿನ ವಿನ್ಯಾಸ ನಮ್ಮವರಿಗೆ ಕಷ್ಟವಲ್ಲ. ಜನ ಸೇರುವ ಉದ್ದನೆಯ ಭಾಗಕ್ಕೆ ನೇವ್ ಎನ್ನುತ್ತಾರೆ, ನಮ್ಮ ನವರಂಗವಿದ್ದಂತೆ. ಅದನ್ನು ದಾಟಿದರೆ ಗಾಯಕರೂ ಪಾದ್ರಿಗಳೂ ಕೂರುವ ಕ್ವಾಯರ್, ಶುಕನಾಸಿಯ ಜಾಗ. ಅದರಾಚೆ ಪೂರ್ವದ ತುದಿಯಲ್ಲಿ ಪೀಠ. ನಾಲ್ಕನೇ ಎಡ್ವರ್ಡ್ 1475ರಲ್ಲಿ ಶುರುಮಾಡಿದ ಕಟ್ಟಡ ಎಂಟನೇ ಹೆನ್ರಿಯ ಕಾಲದಲ್ಲಿ, 1528ಕ್ಕೆ ಮುಗಿಯಿತು. ನೇವ್‌ನ ನಡುವೆ ನಿಂತು ಕತ್ತೆತ್ತಿ. ಕಂಬಗಳಿಂದ ಎದ್ದ ಕಲ್ಲಿನ ನರಗಳು ಬೀಸಣಿಗೆಯಂತೆ ಹರಡಿ ಮಧ್ಯದಲ್ಲಿ ಸೇರುತ್ತವೆ. ಬೇಲೂರು, ಹಳೇಬೀಡಿನ ಭುವನೇಶ್ವರಿಗಳನ್ನು ನೋಡಿದ ಕಣ್ಣಿಗೆ ಕೆತ್ತನೆ ಸಪ್ಪೆ ಅನ್ನಿಸಬಹುದು. ಆದರೆ ಇಲ್ಲಿನ ಸೋಜಿಗ ಕೆತ್ತನೆಯಲ್ಲಿಲ್ಲ. ಅಷ್ಟು ಅಗಲದ ಕಲ್ಲಿನ ಛಾವಣಿ ನಡುವೆ ಒಂದೂ ಕಂಬವಿಲ್ಲದೆ, ಬಹುತೇಕ ಗಾಜೇ ತುಂಬಿದ ಗೋಡೆಗಳ ಮೇಲೆ ನಿಂತಿದೆ. ಭಾರವನ್ನೆಲ್ಲ ಹೊರಗಿನ ಆನಿಕೆಗೋಡೆಗಳು ಹೊರುತ್ತಿವೆ. ಅದನ್ನು ಹೊರಗೆ ಬಂದು ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳಿ.

ವಾಯವ್ಯ ಮೂಲೆಯಲ್ಲಿ ನಾಲ್ಕನೇ ಜಾರ್ಜನ ಒಬ್ಬಳೇ ಮಗಳು ಷಾರ್ಲೆಟ್ ರಾಜಕುಮಾರಿಯ ಅಮೃತಶಿಲೆಯ ಸ್ಮಾರಕವಿದೆ. 1817ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಹೊದಿಕೆಯಡಿಯಲ್ಲಿ ದೇಹ, ಹೊರಗೆ ಕಾಣುವುದು ಬೆರಳ ತುದಿಗಳು ಮಾತ್ರ. ಅವಳು ಬದುಕಿದ್ದರೆ ವಿಕ್ಟೋರಿಯಾ ಎಂಬ ರಾಣಿಯೇ ಇರುತ್ತಿರಲಿಲ್ಲ.

ಕ್ವಾಯರ್‌ನಲ್ಲಿ ಗಾರ್ಟರ್ ವೀರರ ಆಸನಗಳು. ಮೂರನೇ ಎಡ್ವರ್ಡ್ 1348ರಲ್ಲಿ ಕಟ್ಟಿದ ಕೂಟ ಅದು. ತಲೆಯ ಮೇಲೆ ತೂಗುವ ಬಣ್ಣದ ಬಾವುಟಗಳು ಬದುಕಿರುವ ಸದಸ್ಯರವು. ಸತ್ತ ಮೇಲೆ ಬಾವುಟ ಇಳಿಸುತ್ತಾರೆ, ಆಸನದ ಹಿಂದಿನ ಲೋಹದ ಫಲಕ ಮಾತ್ರ ಉಳಿಯುತ್ತದೆ. ಹಾಗೆ ಉಳಿದ ನೂರಾರು ಫಲಕಗಳಲ್ಲಿ ಹಳೆಯವು ಹದಿನಾಲ್ಕನೇ ಶತಮಾನದ ಕೊನೆಯವು.

ಈಗ ನೆಲ ನೋಡಿ, ಕಾಲಿಡುವ ಮುಂಚೆ. ಕ್ವಾಯರ್ ನಡುವಿನ ಕಪ್ಪು ಕಲ್ಲಿನ ಕೆಳಗೆ ಎಂಟನೇ ಹೆನ್ರಿ, ಅವನ ಮೂರನೇ ಹೆಂಡತಿ ಜೇನ್ ಸೀಮೋರ್, ಜೊತೆಗೆ 1649ರಲ್ಲಿ ತಲೆ ಕಡಿಸಿಕೊಂಡ ಒಂದನೇ ಚಾರ್ಲ್ಸ್ ಮಲಗಿದ್ದಾರೆ. ಚಾರ್ಲ್ಸನನ್ನು ಎಲ್ಲಿ ಹೂಳಿದರೆಂಬುದೇ ಮರೆತುಹೋಗಿ, 1813ರಲ್ಲಿ ನೆಲಮನೆ ತೆರೆದಾಗ ಸಿಕ್ಕಿದ. ಹೆನ್ರಿ ತನಗಾಗಿ ಭಾರೀ ಸಮಾಧಿಯ ಯೋಜನೆ ಹಾಕಿದ್ದ. ಅವನ ಮಂತ್ರಿಯಾಗಿದ್ದ ಕಾರ್ಡಿನಲ್ ವೂಲ್ಸಿ ತನಗೆಂದು ಮಾಡಿಸಿದ್ದ ಕಪ್ಪು ಶಿಲೆಯ ಪೆಟ್ಟಿಗೆಯನ್ನೂ ಕಿತ್ತುಕೊಂಡಿದ್ದ. ಯಾವುದೂ ಕೈಗೂಡಲಿಲ್ಲ, ಪೆಟ್ಟಿಗೆ ಇಲ್ಲೇ ಶತಮಾನಗಟ್ಟಲೆ ಬಿದ್ದಿತ್ತು. ಕೊನೆಗೆ ಅದು ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ನೌಕಾಪಡೆಯ ವೀರ ನೆಲ್ಸನ್ನನ ಸಮಾಧಿಯಾಯಿತು. ನೆಲ್ಸನ್ನನನ್ನು ಕೊಂದ ಗುಂಡು ಇರುವುದು ಇಲ್ಲಿ, ಬೆಳಿಗ್ಗೆ ಹುಲಿಯ ತಲೆ ನೋಡಿದ ಹಜಾರದಲ್ಲೇ.

ಉತ್ತರದ ಬದಿಯಲ್ಲಿ 1969ರಲ್ಲಿ ಸೇರಿಸಿದ ಪುಟ್ಟ ಗುಡಿಯಂಥ ಕೋಣೆಯಿದೆ. 2022ರಲ್ಲಿ ಎರಡನೇ ಎಲಿಜಬೆತ್ ಮತ್ತು ಪತಿ ಫಿಲಿಪ್ ಅವರನ್ನು ಇಲ್ಲಿಟ್ಟರು. ಹನ್ನೊಂದು ದೊರೆಗಳಿಗೆ ವಿಶ್ರಾಂತಿ ಕೊಟ್ಟ ಕಟ್ಟಡದಲ್ಲಿ ಅತ್ಯಂತ ಸರಳವಾದ ಕಲ್ಲು ಇದು. ಸಾಲು ನಿಧಾನವಾಗಿ ಸಾಗುತ್ತದೆ, ತಳ್ಳಬೇಡಿ. ಗಂಡಸರು ಟೋಪಿ ತೆಗೆಯಬೇಕು, ಚಪ್ಪಲಿ ಬಿಡಬೇಕಾಗಿಲ್ಲ. ಫೋಟೊ ವಿಷಯದಲ್ಲಿ ಫಲಕದಲ್ಲಿ ಬರೆದದ್ದೇ ಕೊನೆಯ ಮಾತು, ಒಳಗೆ ಮೊಬೈಲ್ ಜೇಬಿನಲ್ಲಿದ್ದರೆ ಕ್ಷೇಮ.

ಇನ್ನು ಪುಳಿಯೋಗರೆ, ಆಮೇಲೆ ಹಾಡು

ಹೊರಬೀಳುವುದು ಎಂಟನೇ ಹೆನ್ರಿಯ ಹೆಬ್ಬಾಗಿಲಿನಿಂದ. ಹಿಂದಿರುಗಿ ನೋಡಿದರೆ ಕಮಾನಿನ ಮೇಲೆ ರಾಜಲಾಂಛನಗಳ ಜೊತೆ ಒಂದು ದಾಳಿಂಬೆ ಹಣ್ಣು ಕಾಣುತ್ತದೆ. ಅದು ಅವನ ಮೊದಲ ಹೆಂಡತಿ, ಸ್ಪೇನಿನ ಕ್ಯಾಥರೀನಳ ಗುರುತು. ಅವಳನ್ನು ಬಿಡಲು ಹೆನ್ರಿ ರೋಮಿನ ಪೋಪನ ಸಂಬಂಧವನ್ನೇ ಕಡಿದುಕೊಂಡ. ದಾಳಿಂಬೆಯನ್ನು ಕೆತ್ತಿ ತೆಗೆಯುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಲಾಂಗ್ ವಾಕ್, ನಾಲ್ಕು ಕಿಲೋಮೀಟರಿಗೂ ಉದ್ದದ ನೇರ ಸಾಲುಮರದ ಹಾದಿ. ಹುಲ್ಲಿನ ಮೇಲೆ ಜಮಖಾನ ಹಾಸಿ ಡಬ್ಬಿ ಬಿಚ್ಚಿ. ಹೀಥ್ರೂಗೆ ಇಳಿಯುವ ವಿಮಾನಗಳು ತಲೆಯ ಮೇಲೆ ಎರಡೆರಡು ನಿಮಿಷಕ್ಕೆ ಮೊರೆಯುತ್ತವೆ, ಅದಕ್ಕೆ ರಾಜನೂ ಏನೂ ಮಾಡುವಂತಿಲ್ಲ.

ತ್ರಾಣ ಉಳಿದಿದ್ದರೆ ಐದಕ್ಕೆ ಸ್ವಲ್ಪ ಮುಂಚೆ ಅದೇ ದಾಳಿಂಬೆಯ ಬಾಗಿಲಿಗೆ ಮರಳಿ ಬನ್ನಿ. ಸಂಜೆಯ ಪ್ರಾರ್ಥನೆಗೆ ಬಂದಿದ್ದೇವೆ ಎಂದರೆ ಟಿಕೆಟ್ ಇಲ್ಲದೆಯೇ ಒಳಗೆ ಬಿಡುತ್ತಾರೆ. ಧರ್ಮ ಯಾವುದೆಂದು ಯಾರೂ ಕೇಳುವುದಿಲ್ಲ. ಅದೃಷ್ಟವಿದ್ದರೆ ಕ್ವಾಯರ್‌ನೊಳಗೇ, ಬಾವುಟಗಳ ಕೆಳಗೆ ಜಾಗ ಸಿಗುತ್ತದೆ. ಮುಕ್ಕಾಲು ಗಂಟೆ, ಮಕ್ಕಳ ಕಂಠಗಳು ಆ ಬೀಸಣಿಗೆ ಛಾವಣಿಗೆ ಏರಿ ಇಳಿಯುತ್ತವೆ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ, ಅಷ್ಟು ಸಾಕು. ಮುಗಿದ ಮೇಲೆ ಆರೂವರೆಯ ಸುಮಾರಿಗೆ ಸ್ಲೋ ಕಡೆಯ ರೈಲಿನಲ್ಲಿ ಕೂರಲು ಜಾಗವಿರುತ್ತದೆ.